ಮೌನದ ಮನೆಯಲ್ಲಿ ನೀನಿರಲಿಲ್ಲ

ಗಿರಾವೀನ್, ಸಿಡ್ನಿ
೨೭ ಮೇ ೨೦೨೪

ಮಗಳೇ ಮಹಾಶ್ವೇತಾ,

ಸೋದರಮಾವ ಬಾಳಪ್ಪನ ಆಶೀರ್ವಾದ ಮೊದಲು ತಗೋ, ಬೈಗುಳ ಆಮೇಲೆ. ಗಂಟಲಿನ ಆಪರೇಷನ್ ಅಂತ ಮೊದಲೇ ಒಂದು ಮಾತು ಹೇಳಬಾರದಿತ್ತೇ? ಎಲ್ಲ ಮುಗಿದ ಮೇಲೆ ನಿನ್ನ ಗಂಡ ವಿಜಯ ಫೋನ್ ಮಾಡಿ, "ಮಾಮಾ, ಧ್ವನಿ ಪೆಟ್ಟಿಗ್ಯಾಗ ಸಣ್ಣ ಗುಳ್ಳಿ ಇತ್ತು, ತೆಗದಾರ. ಕೆಟ್ಟದ್ದೇನಲ್ಲ. ಆದ್ರ ಎರಡು ವಾರ ಒಂದು ಮಾತೂ ಆಡೋ ಹಂಗಿಲ್ಲ" ಅಂದ. ನಿಮ್ಮತ್ತೆ ಮಲ್ಲವ್ವ ಪಕ್ಕದಲ್ಲೇ ಇದ್ದಳು. "ಎರಡು ವಾರ ಮಾತಾಡದ ಹೆಂಡ್ತಿ! ವಿಜಯಪ್ಪಾ, ನೀ ಭಾಳ ಪುಣ್ಯ ಮಾಡೀಯಪ್ಪಾ" ಎಂದು ನಕ್ಕಳು. ನಕ್ಕವಳೇ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದಳು.

ಈಗ ನನ್ನ ಸಂಕಟ ಕೇಳು. ಪ್ರತಿ ಭಾನುವಾರ ಸಂಜೆ ನಾನು ಫೋನಿನಲ್ಲಿ ಒಂದು ಕಥೆ ಹೇಳುವುದು, ನೀನು ಆ ಕಡೆಯಿಂದ "ಹೂಂ" ಅನ್ನುವುದು, ಈ ದೇಶಕ್ಕೆ ಬಂದ ಮೇಲೆ ನನಗೆ ಉಳಿದ ದೊಡ್ಡ ಸುಖ ಅದೇ. ಹುಬ್ಬಳ್ಳಿ ಡಿಪೋದಲ್ಲಿ ಕಂಡಕ್ಟರ್ ಆಗಿ ಸವೆದವನು ನಾನು. ಡ್ರೈವರ್‌ಗೆ ಹಿಂದಿನ ಬಾಗಿಲು ಕಾಣುವುದಿಲ್ಲ. ನಾನು ಡಬಲ್ ಬೆಲ್ ಕೊಟ್ಟರೆ ಮಾತ್ರ ಗಾಡಿ ಬಿಡುತ್ತಾನೆ. ಕಥೆ ಹೇಳುವವನೂ ಹಾಗೆಯೇ. ಕೇಳುವವರು ಹೂಂಗುಟ್ಟಿದರೆ ಮಾತ್ರ ಗಾಡಿ ಮುಂದಕ್ಕೆ. ನಮ್ಮಪ್ಪನಂತೂ ಹೂಂ ನಿಂತರೆ ರಾಜಕುಮಾರನನ್ನು ಬಾವಿಯೊಳಗೇ ಬಿಟ್ಟು ಎದ್ದು ಹೋಗುತ್ತಿದ್ದ. ಮರುದಿನ ನಾವೇ ಕಾಡಿಬೇಡಿ ಮೇಲೆತ್ತಿಸಬೇಕು.

ಇಲ್ಲಿ ಅಳಿಯ ಮನೋಜ್ ನನ್ನ ಕಥೆಗೆ "ಓಕೆ ಮಾವಾ, ಓಕೆ" ಅನ್ನುತ್ತಾನೆ. ಅದು ಹೂಂ ಅಲ್ಲ, "ಬೇಗ ಇಳಿಸಿ" ಅನ್ನುವ ಪ್ಯಾಸೆಂಜರ್ ದನಿ.

ಮೆಸೇಜ್ ಮಾಡು ಅನ್ನುತ್ತಾಳೆ ನನ್ನ ಮಗಳು, ಮನೋಜನ ಹೆಂಡತಿ. ನನ್ನ ಹೆಬ್ಬೆರಳು ಒಮ್ಮೆಗೆ ಮೂರು ಅಕ್ಷರ ಒತ್ತುತ್ತದೆ. ಅದಕ್ಕೇ ಈ ಕಾಗದ. ಮಾತಾಡಬೇಡ, ಬರೆ.

ಬೆಲ್ಲಿಗಾಗಿ ಕಿವಿಗೊಟ್ಟು ನಿಂತಿರುವ,
ನಿನ್ನ ಬಾಳಪ್ಪ ಮಾಮಾ


ಟಾರ್ನೀಟ್, ಮೆಲ್ಬರ್ನ್
೩ ಜೂನ್ ೨೦೨೪

ಮಾಮಾ, ಅತ್ತೆ,

ಇಬ್ಬರಿಗೂ ನಮಸ್ಕಾರ. ಬಾಯಿಲ್ಲದವಳ ನಮಸ್ಕಾರವಾದ್ದರಿಂದ ಸ್ವಲ್ಪ ಹೆಚ್ಚೇ ಬಗ್ಗಿದ್ದೇನೆ.

ಕೊರಳಿಗೆ ಒಂದು ಪುಟ್ಟ ಬಿಳಿ ಹಲಗೆ ನೇತುಹಾಕಿಕೊಂಡು ಓಡಾಡುತ್ತಿದ್ದೇನೆ. ವಿಜಯನೊಂದಿಗೆ ಜಗಳವನ್ನೂ ಅದರಲ್ಲೇ ಬರೆಯಬೇಕು. ನಾನು ಬರೆದು ಮುಗಿಸುವಷ್ಟರಲ್ಲಿ ಅವನು ಹಲ್ಲುಜ್ಜಿ ಬಂದಿರುತ್ತಾನೆ.

ಕಿಂಡರ್‌ನಲ್ಲಿ, ಅದೇ ನನ್ನ ಶಿಶುವಿಹಾರದಲ್ಲಿ, ನನ್ನ ಕೋಣೆಯನ್ನು ರಿಯೋನಾ ನೋಡಿಕೊಳ್ಳುತ್ತಿದ್ದಾಳೆ. ಮಂಗಳೂರಿನವಳು, ಒಳ್ಳೆಯ ಹುಡುಗಿ. "ನೀವು ಸುಮ್ನೆ ಕೂತ್ಕೊಳ್ಳಿ ಮಾರಾಯ್ರೆ, ನಿಮ್ಮ ಮಕ್ಕಳನ್ನು ನಾನೇನು ತಿಂದುಬಿಡುವುದಿಲ್ಲ" ಅಂತ ಮೆಸೇಜ್ ಕಳಿಸಿದ್ದಳು. ಜುಲೈ ಮಧ್ಯದಲ್ಲಿ ಮೂರನೇ ಟರ್ಮ್ ಶುರುವಾಗುತ್ತದೆ. ಅಷ್ಟರಲ್ಲಿ ದನಿ ಬಂದರೆ ಕೋಣೆ ನನ್ನದು. ಬರದಿದ್ದರೆ ವರ್ಷದ ಕೊನೆಯವರೆಗೆ ರಿಯೋನಾಳದು. ನಾಲ್ಕು ವರ್ಷದ ಮಕ್ಕಳಿಗೆ ಪದೇಪದೇ ಟೀಚರ್ ಬದಲಿಸಬಾರದು ಅನ್ನುವುದು ಅವರ ನಿಯಮ. ನ್ಯಾಯವಾದದ್ದೇ. ಆದರೆ ಆ ಮಕ್ಕಳು ಡಿಸೆಂಬರಿಗೆ ಶಾಲೆಗೆ ಹೊರಟುಹೋಗುತ್ತಾರೆ. ಈ ಗುಂಪು ನನಗೆ ಮತ್ತೆ ಸಿಗುವುದಿಲ್ಲ.

ಅದಿರಲಿ. ನಿಮಗೊಂದು ಕೆಲಸ ಕೊಡುತ್ತೇನೆ. ಕಂಪ್ಯೂಟರಿನ ಬ್ರೌಸರಿನಲ್ಲೇ ಆಡುವ ಕಥೆಯಾಟ ಒಂದಿದೆ, 'ಮಂಜುಬಂದರು' ಅಂತ. ಪುಕ್ಕಟೆ. ದನಿಯೂ ಬೇಡ, ಹಣವೂ ಬೇಡ. ಮಂಜು ಕವಿದ ಊರಿಗೆ ನೀವು ಹೊಸಬರಾಗಿ ಬರುತ್ತೀರಿ. ಕೈಯಲ್ಲೊಂದು ಕಂದೀಲು, ಅದರಲ್ಲಿ ಇಪ್ಪತ್ತು ಹನಿ ಎಣ್ಣೆ. ಯಾರನ್ನಾದರೂ ಮಾತಾಡಿಸಿ, ದೋಣಿ ಹತ್ತಿ, ಕಳ್ಳನ ಬೆನ್ನುಹತ್ತಿ, ಏನೇ ಮಾಡಿದರೂ ಒಂದು ಹನಿ ಖರ್ಚು. ಹತ್ತು ನಿಮಿಷಕ್ಕೊಂದು ಹನಿ ತಾನಾಗಿ ತುಂಬುತ್ತದೆ. ಕಂದೀಲು ತುಂಬಿದ ಮೇಲೆ ಬಂದದ್ದೆಲ್ಲ ಚೆಲ್ಲಿಹೋಗುತ್ತದೆ.

ಮಾಡಿದ ಕೆಲಸ ಕೆಟ್ಟರೆ ಅಂಜಿಕೆ ಒಂದು ಮೆಟ್ಟಿಲು ಏರುತ್ತದೆ. ಅದು ತುದಿ ಮುಟ್ಟಿತೋ, ನಿಮ್ಮನ್ನು ಗುಡ್ಡದ ಮೇಲಿನ ಮೌನದ ಮನೆಗೆ ಒಯ್ಯುತ್ತಾರೆ. ಅಲ್ಲಿ ಕಥೆಯಿಲ್ಲ. ಕಿಟಕಿ ಒರೆಸುವುದು, ನೂಲು ಸುತ್ತುವುದು, ಅಂಜಿಕೆ ಇಳಿಯುವವರೆಗೆ ಅಷ್ಟೇ. ಅಂಜಿದವರು ಬೇರೆ ಆಟಗಾರರ ಬಾಗಿಲು ತಟ್ಟಬಹುದು. ಬಾಗಿಲು ತೆಗೆದರೆ ಅವರ ಅಂಜಿಕೆ ಇಳಿಯುತ್ತದೆ, ಅದರಲ್ಲೊಂದು ಪಾಲು ತೆಗೆದವರಿಗೆ ಅಂಟುತ್ತದೆ.

ನನ್ನ ನಿಯಮ ಒಂದೇ: ಕೊನೆಯ ಐದು ಹನಿ ಮುಟ್ಟುವುದಿಲ್ಲ. ಎಷ್ಟೇ ಆಸೆಯಾಗಲಿ, ಅದು ಮನೆಗೆ ಮರಳುವ ದಾರಿಗೆ ಮೀಸಲು. ಗುರುತಿನವರ ಕಂದೀಲು, ದೋಣಿ ದೂರದಿಂದಲೂ ಕಾಣುತ್ತವೆ. ಬನ್ನಿ, ಬಂದರಿನ ದೋಣಿಮನೆಯಲ್ಲಿ ನಾನಿದ್ದೇನೆ.

ಹಲಗೆಯ ಮೇಲೆ ಜಾಗ ಸಾಲದೆ ಕಾಗದಕ್ಕೆ ಬಂದಿರುವ,
ಮಹಾಶ್ವೇತಾ


ಗಿರಾವೀನ್
೧೧ ಜೂನ್ ೨೦೨೪

ಮಗಳೇ,

ಬಂದೆ. ಮಂಜಿನಲ್ಲಿ ಇಳಿದೆ. ನಿನ್ನ ದೋಣಿಮನೆಯ ಮುಂದೆ ಕಂದೀಲು ಎತ್ತಿ ಹಿಡಿದೆ, ಕಂಡಿರಬೇಕು.

ನನ್ನ ಮಗಳು ಬ್ರೌಸರಿನಲ್ಲಿ ಕನ್ನಡ ಅನುವಾದವನ್ನು ಒತ್ತಿಕೊಟ್ಟಳು. ಆ ಕನ್ನಡ ಕಂದಾಯ ಇಲಾಖೆಯ ನೋಟೀಸಿನ ಹಾಗಿದೆ. ಕಡಲುಗಳ್ಳನೊಬ್ಬ ಕತ್ತಿ ಎತ್ತಿ, "ತಾವು ಈ ಕೂಡಲೇ ಶರಣಾಗತಿಯನ್ನು ಸಲ್ಲಿಸತಕ್ಕದ್ದು" ಅಂದ. ಅರ್ಜಿ ಎಲ್ಲಿ ಕೊಡಬೇಕಪ್ಪಾ ಅಂತ ಕೇಳಬೇಕೆನಿಸಿತು. ಆದರೂ ಮಗಳೇ, ಕಥೆ ಕಟ್ಟಿದವರ ಕೈಗೆ ಚಿನ್ನದ ಕಡಗ ತೊಡಿಸಬೇಕು. ಒಂದು ಹನಿಗೆ ಒಂದು ತುಣುಕು, ಮುಂದಿನದಕ್ಕೆ ನೀನೇ ಕೈ ಹಾಕಬೇಕು. ಒತ್ತುವ ಗುಂಡಿ ಇದೆಯಲ್ಲ, ಅದೇ ಹೂಂ! ಒತ್ತಿದರೆ ಕಥೆ ಮುಂದಕ್ಕೆ, ಇಲ್ಲದಿದ್ದರೆ ರಾಜಕುಮಾರ ಬಾವಿಯೊಳಗೆ. ನಮ್ಮಪ್ಪನಿಗೆ ತೋರಿಸಬೇಕಿತ್ತು.

ನಿಮ್ಮತ್ತೆಗೆ ಮಾತ್ರ ಸಿಟ್ಟು. "ಏನ್ರೀ, ಅಲ್ಲಿ ಕಂದೀಲಿಗೆ ಎಣ್ಣಿ ಲೆಕ್ಕ ಹಾಕ್ಕೋತ ಕುಂತೀರಿ, ಇಲ್ಲಿ ದ್ವಾಸಿಗೆ ಎಣ್ಣಿ ತರೋರ್ಯಾರು?" ಎಂದಳು. ಎಣ್ಣೆ ತಂದುಕೊಟ್ಟ ಮೇಲೆ ಅವಳೇ ಪಕ್ಕದಲ್ಲಿ ಕೂತಳು. ಈಗ ಕಳ್ಳರನ್ನು ಬೈಯುವ ಕೆಲಸ ಅವಳದು.

ಆಟದ ಜನ ಬಂದು ಬಾಗಿಲು ತಟ್ಟುತ್ತಾರೆ: "ನನ್ನ ಅಂಜಿಕೆಯಲ್ಲಿ ಪಾಲು ತೆಗೆದುಕೊಳ್ಳುವಿರಾ?" ಬಾಗಿಲಿಗೆ ಬಂದವರನ್ನು ಹೊರಗೆ ನಿಲ್ಲಿಸುವುದುಂಟೇ? ಎಲ್ಲರಿಗೂ ತೆಗೆದೆ. ಯಾರೋ ಪರವೂರಿನವರು, ಹೆಸರೂ ಗೊತ್ತಿಲ್ಲ. ನನ್ನ ಅಂಜಿಕೆ ಅರ್ಧ ಏರಿ ಕೂತಿದೆ.

ಆದರೆ ನಿನ್ನ ಆಟ ನೋಡಿ ಬೆರಗಾದೆ. ದ್ವೀಪದ ಹತ್ತಿರ ಹೋಗಿ, ನಿಧಿ ಕಣ್ಣಿಗೆ ಕಾಣುತ್ತಿದ್ದರೂ, ಐದು ಹನಿ ಉಳಿದಿದೆ ಅಂತ ದೋಣಿ ತಿರುಗಿಸಿಬಿಟ್ಟೆಯಲ್ಲ! ಇಷ್ಟು ಜತನದಿಂದ ಎಣ್ಣೆ ಕಾಯುವವಳನ್ನು ನಾನು ಕಂಡಿಲ್ಲ. ನೀನು ಎಲ್ಲೂ ಕತ್ತಲಲ್ಲಿ ಸಿಕ್ಕಿಬೀಳುವವಳಲ್ಲ, ಬಿಡು.

ಅಂಜಿಕೆಯ ಅರ್ಧ ಮೆಟ್ಟಿಲ ಮೇಲಿಂದ,
ಮಾಮಾ


ಟಾರ್ನೀಟ್
೧೭ ಜೂನ್ ೨೦೨೪

ಮಾಮಾ,

ನಿಮ್ಮ ಕಾಗದ ಫ್ರಿಜ್ ಮೇಲೆ ಹತ್ತಿದೆ. "ಕತ್ತಲಲ್ಲಿ ಸಿಕ್ಕಿಬೀಳುವವಳಲ್ಲ" ಅನ್ನುವ ಸಾಲಿಗೆ ವಿಜಯ ಹಳದಿ ಬಣ್ಣ ಬಳಿದಿದ್ದಾನೆ.

ಸುದ್ದಿ ಕೇಳಿ: ಮಾತು ಬಂತು! ಎರಡು ವಾರ ಮುಗಿಯಿತು. ಈಗ ಗಂಟೆಗೆ ಕೆಲವು ನಿಮಿಷ ಮಾತ್ರ, ಮೆಲ್ಲಗೆ. ಪಿಸುಗುಟ್ಟುವುದೂ ಕೂಡದು, ಅದು ಕೂಗುವುದಕ್ಕಿಂತ ಕೆಟ್ಟದ್ದಂತೆ. ನನ್ನ ಮೊದಲ ಮಾತು ಏನಿರುತ್ತದೋ ಅಂತ ವಿಜಯ ಎದುರಿಗೇ ಕೂತಿದ್ದ. ಊಟದ ಹೊತ್ತು. ನಾನು "ಉಪ್ಪು" ಅಂದೆ. "ನನ್ನ ಹೆಸರು ಹೇಳ್ತಿ ಅನ್ಕೊಂಡಿದ್ನಲ್ಲೇ!" ಅಂದ. ಸಾರಿಗೆ ಉಪ್ಪಿರಲಿಲ್ಲ, ನಾನೇನು ಮಾಡಲಿ?

ಗಂಟಲನ್ನೂ ಕಂದೀಲಿನ ಹಾಗೇ ನಡೆಸುತ್ತಿದ್ದೇನೆ. ಫೋನಿನಲ್ಲಿ ಕಥೆ ಕೇಳುವಷ್ಟು ಎಣ್ಣೆ ಇನ್ನೂ ಇಲ್ಲ. ಬೇಸರ ಮಾಡಿಕೊಳ್ಳಬೇಡಿ, ಎಲ್ಲ ಕಿಂಡರ್‌ಗಾಗಿ ಉಳಿಸುತ್ತಿದ್ದೇನೆ.

ಈಗ ನಿಮ್ಮ ಮೇಲೆ ಎರಡು ದೂರು. ಒಂದು, ಕಂಡಕಂಡವರಿಗೆಲ್ಲ ಬಾಗಿಲು ತೆಗೆಯಬೇಡಿ. ಇನ್ನೊಂದು, ಹಗಲು ಯಾವಾಗ ನೋಡಿದರೂ ನಿಮ್ಮ ಕಂದೀಲು ತುಂಬಿ ಚೆಲ್ಲುತ್ತಿರುತ್ತದೆ. ಮುಟ್ಟುವುದು ಸೂರ್ಯ ಮುಳುಗಿದ ಮೇಲೆ ಮಾತ್ರ. ಹಗಲಿಡೀ ಬಂದ ಎಣ್ಣೆಯೆಲ್ಲ ಮಣ್ಣುಪಾಲು! ನಿವೃತ್ತರು, ಹಗಲು ನಿಮಗೇನು ಕೆಲಸ? ಬೆಳಿಗ್ಗೆ ಸ್ವಲ್ಪ, ಮಧ್ಯಾಹ್ನ ಸ್ವಲ್ಪ ಖರ್ಚು ಮಾಡಿದರೆ ಇಷ್ಟರಲ್ಲಿ ನೀವು ದ್ವೀಪ ಮುಟ್ಟುತ್ತಿದ್ದಿರಿ. ಕಾರಣ ಹೇಳಿ.

ಮಾತಿಗೆ ಮಾತು ಕೂಡಿಡುತ್ತಿರುವ,
ಮಹಾಶ್ವೇತಾ


ಗಿರಾವೀನ್
೨೨ ಜೂನ್ ೨೦೨೪

ಮಗಳೇ,

ಉಪ್ಪು! ಇದಕ್ಕಿಂತ ಒಳ್ಳೆಯ ಮೊದಲ ಮಾತು ಯಾವುದಿದೆ? ನಿಮ್ಮತ್ತೆ ಓದಿಸಿಕೊಂಡು ಮತ್ತೆ ಓದಿಸಿಕೊಂಡಳು.

ಕಾರಣ ಕೇಳಿದ್ದೀ. ಹೇಳಿದರೆ ನಗುತ್ತೀ. ಹಗಲು ಕಥೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆ. ನಮ್ಮೂರಲ್ಲಿ ಎಳೆಮಗುವಿಗೂ ಗೊತ್ತಿರುವ ಮಾತು. ನಾನು ಇಲ್ಲಿ ಹಗಲಲ್ಲಿ ಕಥೆ ಬಿಚ್ಚಿ ಕೂತರೆ, ಎಂ-ಫೋರ್ ಹೆದ್ದಾರಿಯಲ್ಲಿ ಹೊರಟ ಅಳಿಯನ ಗತಿ? ಇದನ್ನು ಮನೋಜನಿಗೇ ಹೇಳಿದೆ. "ಮಾವಾ, ಜಿಪಿಎಸ್ ಇದೆ" ಅಂದ. ಹೋದ ತಿಂಗಳು ಉತ್ತರದ ಕೆಲ್ಲಿವಿಲ್‌ಗೆ ಅಂತ ಹೊರಟು ದಕ್ಷಿಣದ ಲಿವರ್‌ಪೂಲ್ ಮುಟ್ಟಿದ್ದು ಇದೇ ಜಿಪಿಎಸ್ ಇಟ್ಟುಕೊಂಡು. ಅವತ್ತು ನಾನು ಕಥೆಯನ್ನೂ ಹೇಳಿರಲಿಲ್ಲ!

ಆದರೆ ನೀನು ಬೈದದ್ದು ನಿಜ. ಎಣ್ಣೆ ಚೆಲ್ಲುವುದು ಒಳ್ಳೆಯದಲ್ಲ. ದಾರಿ ತೋರಿಸಿದವಳು ನಿಮ್ಮತ್ತೆ. ಅವಳ ಅಜ್ಜಿ, ಮಕ್ಕಳು ಹಗಲಲ್ಲೇ ಕಥೆಗೆ ಹಟ ಹಿಡಿದರೆ, ಮೊದಲು ಸೆರಗಿನ ತುದಿಗೆ ಒಂದು ಗಂಟು ಹಾಕಿ, "ದಾರಿಹೋಕರ ದಾರಿ ಕಟ್ಟಿ ಇಟ್ಟೀನಿ, ಎಲ್ಲೂ ಹೋಗೂದಿಲ್ಲ" ಅನ್ನುತ್ತಿದ್ದಳಂತೆ. ಕಥೆ ಮುಗಿದು, ಹೊರಗೆ ಹೋದವರೆಲ್ಲ ಮನೆ ಸೇರಿದ ಮೇಲೆ ಬಿಚ್ಚುವುದು. ನಿನ್ನೆಯಿಂದ ನನ್ನ ಹೆಗಲ ಟವೆಲ್ಲಿಗೆ ಗಂಟು ಬಿದ್ದಿದೆ. ಹಗಲಲ್ಲೂ ಆಡುತ್ತೇನೆ. ಸಂಜೆ ಮನೋಜನ ಕಾರು ಬಂದ ಸದ್ದಾದ ಕೂಡಲೇ ಬಿಚ್ಚುತ್ತೇನೆ. ಅವನಿಗೆ ಹೇಳಿಲ್ಲ.

ಗಂಟಲನ್ನು ಕಂದೀಲಿನ ಹಾಗೆ ನಡೆಸುತ್ತೇನೆ ಅಂದೆಯಲ್ಲ, ಆ ಮಾತನ್ನು ಇಲ್ಲಿ ಬಂದವರಿಗೆಲ್ಲ ಹೇಳಿ ಹೆಮ್ಮೆಪಟ್ಟೆ. ನನ್ನ ಕಥೆ ಕಾದೀತು. ಮೊದಲು ನಿನ್ನ ಮಕ್ಕಳು.

ಹೆಗಲ ಮೇಲೆ ಹೆದ್ದಾರಿ ಕಟ್ಟಿಕೊಂಡಿರುವ,
ಮಾಮಾ


ಟಾರ್ನೀಟ್
೧ ಜುಲೈ ೨೦೨೪

ಮಾಮಾ,

ಗಂಟಿನ ಸಂಗತಿ ಓದಿ ನಕ್ಕೆವು.

ಮಂಜುಬಂದರಿನಲ್ಲಿ ನಾನು ಎಡವಿದೆ. ಊರ ಹಬ್ಬವಿತ್ತು. ಹಾಡಬೇಕಾದವಳು ಬರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಮೀಸಲು ಐದು ಹನಿಯನ್ನೂ ಸುರಿದುಬಿಟ್ಟೆ. ಅಂಜಿಕೆ ತುದಿ ಮುಟ್ಟಿತು. ಈಗ ಮೌನದ ಮನೆಯಲ್ಲಿ ಕಿಟಕಿ ಒರೆಸುತ್ತಿದ್ದೇನೆ. ಎಷ್ಟು ದಿನವೋ ಗೊತ್ತಿಲ್ಲ. ಆಟ ತಾನೆ.

ಗಂಟಲು ಆರಾಮ. ಸದ್ಯ ಭಾನುವಾರ ಫೋನ್ ಮಾಡಬೇಡಿ, ಮನೆಗೆ ಜನ ಬಂದುಹೋಗಿ ಮಾಡುತ್ತಾರೆ. ಅತ್ತೆಗೆ ನಮಸ್ಕಾರ ಹೇಳಿ.

ಮಹಾಶ್ವೇತಾ


ಗಿರಾವೀನ್
೬ ಜುಲೈ ೨೦೨೪

ಮಗಳೇ,

ಅಯ್ಯೋ, ಅಷ್ಟಕ್ಕೇ ಮುಖ ಸಣ್ಣದು ಮಾಡಿಕೊಂಡೆಯಾ? ನಿನ್ನ ಕಾಗದ ಇಷ್ಟು ಚಿಕ್ಕದಾದದ್ದು ಇದೇ ಮೊದಲು.

ನಮ್ಮ ಡಿಪೋದಲ್ಲಿ ಮಡಿವಾಳಪ್ಪ ಅಂತ ಡ್ರೈವರ್ ಇದ್ದ. ಒಮ್ಮೆ ನವಲಗುಂದದ ದಾರಿಯಲ್ಲಿ, ಎರೆಹೊಲದ ನಡುವೆ, ಗಾಡಿ ಕೆಟ್ಟು ನಿಂತಿತು. ಪ್ಯಾಸೆಂಜರ್‌ಗಳು ಕೂಗಾಡುತ್ತಿದ್ದಾರೆ, ನಾನು ಬೆವರುತ್ತಿದ್ದೇನೆ. ಈ ಪುಣ್ಯಾತ್ಮ ಇಳಿದು, ಜಾಲಿಯ ನೆರಳಲ್ಲಿ ಟವೆಲ್ ಹಾಸಿ ಮಲಗಿದ. "ಏ ಮಡಿವಾಳಪ್ಪಾ, ಹಿಂಗ ಮಲಗಿದ್ರ ಹೆಂಗೋ?" ಅಂದೆ. "ಬಾಳಪ್ಪಾ, ಇಂಜಿನ್ ಕಾದೈತಿ. ಅದು ತಣ್ಣಗಾಗೂ ಮುಂದ ನಾನು ಬಿಸಿ ಆದ್ರ ಯಾರಿಗೆ ಲಾಭ? ನೀನೂ ಮಲಗು" ಅಂದ. ಇಂಜಿನ್ ತಣ್ಣಗಾದ ಮೇಲೆ ಎದ್ದು, ನೀರು ಹೊಯ್ದು, ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿದ. ಹಾಗೆ ಕಿಟಕಿ ಒರೆಸು ನೀನು. ಒರೆಸುವುದೂ ಆಟವೇ.

ಒಬ್ಬಳೇ ಬೇಸರವಾಗುತ್ತದೆ ಅಂದರೆ ನಾನೇ ಅಲ್ಲಿಗೆ ಬರುತ್ತೇನೆ. ಅದೇನು ಮಹಾ!

ಇನ್ನು ಒಂದೇ ವಾರ. ನಿನ್ನ ಕೋಣೆಗೆ ಹೋಗಿ ಮಕ್ಕಳ ಮುಂದೆ ನಿಂತಾಗ ಮೊದಲ ಕಥೆ ನನ್ನದೇ ಹೇಳಬೇಕು, ಈಗಲೇ ಹೇಳಿಟ್ಟಿದ್ದೇನೆ.

ಜಾಲಿಯ ನೆರಳಿನಿಂದ,
ಮಾಮಾ


ಗಿರಾವೀನ್
೧೪ ಜುಲೈ ೨೦೨೪

ಮಗಳೇ,

ನಿನ್ನ ಉತ್ತರಕ್ಕೆ ಕಾಯದೆ ಇದನ್ನು ಬರೆಯುತ್ತಿದ್ದೇನೆ.

ಬರುತ್ತೇನೆ ಅಂದಿದ್ದೆನಲ್ಲ, ಹೋದೆ. ಮೌನದ ಮನೆಗೆ ಟಿಕೆಟ್ ಇಲ್ಲ. ಅಂಜಿಕೆ ತುದಿ ಮುಟ್ಟಿದವರಿಗೆ ಮಾತ್ರ ಅದರ ಬಾಗಿಲು. ಆದ್ದರಿಂದ ನೀನು ಮಾಡಬೇಡ ಅಂದದ್ದನ್ನೇ ಮಾಡಿದೆ. ತಟ್ಟಿದವರಿಗೆಲ್ಲ ಬಾಗಿಲು ತೆಗೆದೆ. ಯಾರ್ಯಾರದೋ ಭಯವನ್ನು ಮಡಿಲು ತುಂಬಿಸಿಕೊಂಡೆ. ನಿಮ್ಮತ್ತೆ, "ಮದುವಿಗೆ ಕರದಂಗ ಕರೀತೀರಲ್ರೀ" ಅಂದಳು. ಕೊನೆಗೆ ಗುಡ್ಡದ ಮೇಲೆ ಒಯ್ದರು.

ಒಳ್ಳೆಯ ಮನೆ. ಉದ್ದದ ಪಡಸಾಲೆ, ಕಿಟಕಿಗಳು, ನೂಲಿನ ಉಂಡೆಗಳು. ಬಂದವರ ಹೆಸರುಗಳೆಲ್ಲ ಗೋಡೆಯ ಮೇಲಿದ್ದವು. ಒಂದೊಂದಾಗಿ ಓದಿದೆ. ನಿನ್ನ ಹೆಸರಿಲ್ಲ. ಒಂದು ಹನಿ ಖರ್ಚು ಮಾಡಿ ಕಾವಲು ಮುದುಕಿಯನ್ನು ಕೇಳಿದೆ. "ಸದರಿ ವ್ಯಕ್ತಿಯು ಇಲ್ಲಿಗೆ ಆಗಮಿಸಿರುವುದಿಲ್ಲ" ಅಂದಳು. ಕಿಟಕಿ ಒರೆಸಿದೆ. ಅದರಾಚೆ ಕೆಳಗೆ ಬಂದರು ಕಾಣುತ್ತದೆ. ನಿನ್ನ ದೋಣಿಮನೆ ಅಲ್ಲೇ ಇತ್ತು. ಮುಂದೆ ಕಂದೀಲು. ಹಗಲಿನ ಎಣ್ಣೆ ಚೆಲ್ಲಿದ್ದಕ್ಕೆ ನನ್ನನ್ನು ಬೈದವಳ ಕಂದೀಲು ತುಂಬಿ ತುಳುಕಿ ಚೆಲ್ಲುತ್ತಿತ್ತು. ದಿನಾ ನೋಡಿದೆ, ಯಾರೂ ಮುಟ್ಟಿಲ್ಲ.

ಮುದುಕಿಯ ಮಾತನ್ನು ನಿಮ್ಮತ್ತೆಗೆ ಜೋರಾಗಿ ಓದಿ ಹೇಳಿದೆ, ಕಂದೀಲನ್ನೂ ತೋರಿಸಿದೆ. ಅವಳು, "ಹುಡುಗಿ ಆಟದಾಗ ಬಿದ್ದಿಲ್ರೀ" ಅಂದಳು.

ಮಡಿವಾಳಪ್ಪನ ಕಥೆ ಹೇಳಿದ ನನ್ನ ಬುದ್ಧಿಗೆ ಏನೆನ್ನಲಿ.

ನಾನು ಏನೂ ಕೇಳುವುದಿಲ್ಲ. ನಿನ್ನ ಬಾಗಿಲು ತಟ್ಟಿದ್ದೇನೆ, ಅಷ್ಟೇ. ಪಾಲು ಕೊಡು ಅಂತ.

ಮೌನದ ಮನೆಯಿಂದ,
ಮಾಮಾ


ಟಾರ್ನೀಟ್
೧೯ ಜುಲೈ ೨೦೨೪

ಮಾಮಾ,

ಬಾಗಿಲು ತೆಗೆಯುತ್ತಿದ್ದೇನೆ.

ಟರ್ಮ್ ಮುಗಿಯುವ ಹಿಂದಿನ ದಿನ ಕಿಂಡರ್‌ನಲ್ಲಿ ಮಕ್ಕಳ ಹಾಡಿನ ಕಾರ್ಯಕ್ರಮವಿತ್ತು. ನಾನು ಸುಮ್ಮನೆ ನೋಡಲು ಹೋಗಿದ್ದೆ. ರಿಯೋನಾಗೆ ಜ್ವರ, ಬರಲಿಲ್ಲ. ಅಪ್ಪ ಅಮ್ಮಂದಿರೆಲ್ಲ ಬಂದು ಕೂತಿದ್ದಾರೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಎದ್ದು ನಿಂತೆ. ಮೊದಲ ಹಾಡು ಮೆಲ್ಲಗೆ ಶುರುಮಾಡಿದೆ. ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಜೋರು ಮಾಡಿದೆ. ಆಮೇಲೆ ನಿಲ್ಲಿಸಲಿಲ್ಲ. ಮನೆಗೆ ಬರುವಾಗ ಬಾಯಲ್ಲಿ ರಕ್ತದ ರುಚಿ.

ಗಾಯ ಮತ್ತೆ ಊದಿಕೊಂಡಿದೆ. ಮತ್ತೆ ಹಲಗೆ, ಮತ್ತೆ ಮೌನ. ಸೋಮವಾರ ಟರ್ಮ್ ಶುರುವಾಯಿತು, ನನ್ನ ಕೋಣೆಗೆ ರಿಯೋನಾ ಹೋದಳು. ಆಗಸ್ಟ್ ಒಂಬತ್ತಕ್ಕೆ ಡಾಕ್ಟರ್ ನೋಡಿ ಹೇಳುವವರೆಗೆ ಜಾಗ ಹಿಡಿದಿಡುತ್ತೇವೆ ಅಂದಿದ್ದಾರೆ. ಅವತ್ತೂ ವಾಸಿಯಾಗದಿದ್ದರೆ ಈ ಮಕ್ಕಳ ಜೊತೆಗಿನ ನನ್ನ ವರ್ಷ ಮುಗಿಯಿತು.

ನಿಮಗೆ ಯಾಕೆ ಹೇಳಲಿಲ್ಲ? ಫ್ರಿಜ್ ಮೇಲೆ ನಿಮ್ಮ ಕಾಗದವಿದೆಯಲ್ಲ. "ನೀನು ಎಲ್ಲೂ ಕತ್ತಲಲ್ಲಿ ಸಿಕ್ಕಿಬೀಳುವವಳಲ್ಲ." ಹಾಲು ತೆಗೆಯಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ನೀವು ಊರಿಗೆಲ್ಲ ಹೇಳಿ ಹೆಮ್ಮೆಪಟ್ಟ ಮೇಲೆ, ಆ ಸಾಲಿನ ಕೆಳಗೆ ನಿಂತು ಎಲ್ಲಾ ಎಣ್ಣೆ ಒಂದೇ ಬೆಳಿಗ್ಗೆ ಸುರಿದೆ ಅಂತ ಹೇಗೆ ಬರೆಯಲಿ? ಆಟದ ಹೆಸರಲ್ಲಿ ಹೇಳಿದರೆ ಅರ್ಧ ಹೇಳಿದ ಹಾಗಾಗುತ್ತದೆ ಅಂದುಕೊಂಡೆ. ನನ್ನನ್ನು ಹುಡುಕಿಕೊಂಡು ನೀವು ಬೇಕಂತಲೇ ಸೋತು ಗುಡ್ಡ ಹತ್ತುತ್ತೀರಿ ಅಂತ ನನಗೇನು ಗೊತ್ತು! ಅದನ್ನು ಓದಿ ಅತ್ತುಬಿಟ್ಟೆ. ಸದ್ದಿಲ್ಲದೆ ಅಳುವುದೂ ಒಂದು ವಿದ್ಯೆ, ಈಗ ಕಲಿತಿದ್ದೇನೆ.

ಒಂದು ಸಂಗತಿ ಇದೆ. ನನ್ನ ವಾಯ್ಸ್ ಥೆರಪಿಸ್ಟ್ ಬರುವ ಸೋಮವಾರದಿಂದ ಒಂದೇ ಒಂದು ಸದ್ದಿಗೆ ಒಪ್ಪಿದ್ದಾಳೆ. ಮಾತಲ್ಲ, ಹಾಡಲ್ಲ. ತುಟಿ ಮುಚ್ಚಿಕೊಂಡು, ಮೂಗಿನ ಹತ್ತಿರ ಸಣ್ಣಗೆ ನಡುಗುವ ಸದ್ದು. ಗಂಟೆಗೆ ನಾಲ್ಕೈದು ಸಲ, ಹೆಚ್ಚಿಲ್ಲ. ಬಲ ಹಾಕಬಾರದು. "ಯಾರದೋ ಮಾತಿಗೆ ಸುಮ್ಮನೆ ಒಪ್ಪಿಕೊಂಡ ಹಾಗೆ" ಅಂದಳು.

ಮಾಮಾ, ಅದು ಯಾವ ಸದ್ದು ಅಂತ ನಿಮಗೆ ಗೊತ್ತು. ಮುಂದಿನ ವಾರ, ಇಪ್ಪತ್ತೆಂಟರ ಭಾನುವಾರ, ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡುತ್ತೀರಾ?

ಪಾಲು ಕೊಟ್ಟು ಹಗುರಾದ,
ಮಹಾಶ್ವೇತಾ


ಗಿರಾವೀನ್
೨೯ ಜುಲೈ ೨೦೨೪

ಮಗಳೇ,

ನಿನ್ನೆ ಸಂಜೆಯದನ್ನು ಇವತ್ತು ಬರೆದಿಡದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ವಾರವಿಡೀ ಕಥೆ ಕಟ್ಟಿದೆ. ನನ್ನ ಕಥೆಗಳು ವಸ್ತಿ ಬಸ್ಸಿನ ಹಾಗೆ, ಗಿಡಗಿಡಕ್ಕೆ ನಿಲ್ಲುತ್ತವೆ, ಮಾತುಮಾತಿಗೆ ಹೂಂ ಕೇಳುತ್ತವೆ. ನಿನ್ನ ಹತ್ತಿರ ಇರುವುದು ಬೆರಳೆಣಿಕೆಯ ಹೂಂ. ಆದ್ದರಿಂದ ಎಕ್ಸ್‌ಪ್ರೆಸ್ ಓಡಿಸಬೇಕು. ಎಲ್ಲಿ ನಿಲ್ಲಿಸಲೇಬೇಕೋ ಅಲ್ಲಿ ಮಾತ್ರ ಸ್ಟಾಪ್. ಅಲಂಕಾರ ಕಿತ್ತೆ, ಅರಮನೆಯ ಊಟ ಕಿತ್ತೆ. ನಿಮ್ಮತ್ತೆಯ ಮುಂದೆ ಹೇಳಿ ನೋಡಿದೆ. "ಇಷ್ಟು ಚಂದ ಹೇಳಾಕ ಬರ್ತಿತ್ತು ಅಂದ್ರ, ಇಷ್ಟು ವರ್ಷ ನನ್ನ ತಲಿ ಯಾಕ ತಿಂದ್ರಿ?" ಅಂದಳು.

ನಿನ್ನೆ ಶುರುಮಾಡಿದೆ: ಬೆಟ್ಟವೇ ನುಂಗಿಬಿಟ್ಟ ತಮ್ಮನನ್ನು ಕರೆತರಲು ಅಕ್ಕ ಹೊರಟಳು. ಊರ ಬಾಗಿಲ ಮುದುಕಿ ಅವಳ ಮಡಿಲಿಗೆ ಒಂದು ಹಿಡಿ ಮಾತು ಕಟ್ಟಿದಳು: ಇವಿಷ್ಟೇ, ಖರ್ಚಾದರೆ ಮತ್ತೆ ಸಿಗವು. ನೀನು "ಹೂಂ" ಅಂದೆ.

ಮಗಳೇ, ಆ ಹೂಂ! ತೆಳ್ಳಗೆ, ಹೊಸ ತಂತಿಯ ಹಾಗೆ.

ಅಕ್ಕ ಬೊಗಳುವ ನಾಯಿಗೆ ಒಂದು ಮಾತು ಕೊಟ್ಟಳು, ಜಗಳಗಂಟ ಅಂಬಿಗನಿಗೆ ಒಂದು, ದಾರಿಯಲ್ಲಿ ಅಳುತ್ತಿದ್ದ ಮಕ್ಕಳನ್ನು ಸುಮ್ಮನಾಗಿಸಲು ಉಳಿದದ್ದನ್ನೆಲ್ಲ ಕೊಟ್ಟುಬಿಟ್ಟಳು. ಬೆಟ್ಟದ ಕಲ್ಲುಬಾಗಿಲಿಗೆ ಬಂದಾಗ ಮಡಿಲು ಬರಿದು. ಒಳಗಿನಿಂದ ತಮ್ಮ ಕೇಳಿದ, "ಯಾರಲ್ಲಿ?"

ನಮ್ಮಪ್ಪ ಹೇಳುತ್ತಿದ್ದ ಪ್ರಕಾರ ಅವಳು ಕೈಬಳೆಯನ್ನು ಕಲ್ಲಿಗೆ ಬಡಿಯುತ್ತಾಳೆ, ತಮ್ಮ ಬಳೆಯ ಸದ್ದು ಗುರುತಿಸುತ್ತಾನೆ. ಅದನ್ನು ಹೇಳಲೆಂದು ಉಸಿರೆಳೆದುಕೊಂಡೆ. ಅಷ್ಟರಲ್ಲಿ ಆ ಕಡೆಯಿಂದ ನೀನು, ನಾನು ಕೇಳದೆಯೇ, "ಹೂಂ" ಅಂದೆ.

ಅಲ್ಲಿ ಸ್ಟಾಪ್ ಇರಲಿಲ್ಲ, ಮಗಳೇ. ನೀನು ನನಗೆ ಹೂಂಗುಟ್ಟಲಿಲ್ಲ. ತಮ್ಮನಿಗೆ ಉತ್ತರ ಕೊಟ್ಟೆ.

ನಾನು ಬಳೆಯನ್ನು ಮರೆತೆ. ಪಕ್ಕದಲ್ಲಿದ್ದ ನಿಮ್ಮತ್ತೆ ಫೋನಿಗೇ ಬಾಯಿ ಹಾಕಿ, "ತಗೀಯೋ ಬಾಗಲಾ, ನಿಮ್ಮಕ್ಕ ಬಂದಾಳ!" ಎಂದು ಕೂಗಿದಳು. ಬಾಗಿಲು ತೆರೆಯಿತು. ಇನ್ನೇನು ಮಾಡೀತು?

ನಿನ್ನನ್ನು ಎಣ್ಣೆ ಕಾಯುವವಳು ಅಂತ ಹೊಗಳಿದ್ದೆ. ಆ ಕಾಗದವನ್ನು ಫ್ರಿಜ್‌ನಿಂದ ತೆಗೆದು ಇದನ್ನು ಹಚ್ಚು. ಯಾವ ಮಕ್ಕಳಿಗಾಗಿ ಎಣ್ಣೆ ಕೂಡಿಟ್ಟೆಯೋ ಆ ಮಕ್ಕಳೇ ಕತ್ತಲಲ್ಲಿ ನಿಂತಾಗ ಸುರಿದೆ. ಸುರಿದದ್ದು ಸರಿಯೋ ತಪ್ಪೋ ಡಾಕ್ಟರ್ ಹೇಳಲಿ. ಬರಿದಾದ ಮೇಲೂ ಬಾಗಿಲ ತನಕ ನಡೆದೆಯಲ್ಲ, ಅದನ್ನು ಮೆಚ್ಚಿದೆ.

ನಿನ್ನ ಹಿಂದಿನ ಸೀಟಿನಲ್ಲಿ ಕೂತಿರುವ,
ಮಾಮಾ


ಟಾರ್ನೀಟ್
೨೬ ಆಗಸ್ಟ್ ೨೦೨೪

ಮಾಮಾ, ಅತ್ತೆ,

ಊತ ಇಳಿದ ಸುದ್ದಿ ವಿಜಯ ಡಾಕ್ಟರ್ ನೋಡಿದ ದಿನವೇ ಫೋನಿನಲ್ಲಿ ಕೂಗಿ ಹೇಳಿದ್ದಾನೆ. ಮಿಕ್ಕದ್ದನ್ನು ಕಾಗದಕ್ಕಾಗಿ ಇಟ್ಟುಕೊಂಡಿದ್ದೆ.

ಹೋದ ಸೋಮವಾರದಿಂದ ಅರ್ಧ ದಿನ ನನ್ನ ಕೋಣೆಯಲ್ಲಿದ್ದೇನೆ. ಸೊಂಟಕ್ಕೊಂದು ಪುಟ್ಟ ಮೈಕ್ ಪೆಟ್ಟಿಗೆ. ಜೋರಾಗಿ ಹೇಳುವಂಥದ್ದೆಲ್ಲ ರಿಯೋನಾಳ ಪಾಲಿಗೆ. ಅವಳೇ ಹಂಚಿದಳು: "ಹಾಡು ನನಗೆ, ಕಥೆ ನಿಮಗೆ ಮಾರಾಯ್ರೆ. ಬೊಬ್ಬೆ ಹೊಡೆಯುವುದಕ್ಕೆ ನಾನಿದ್ದೇನೆ." ಮಾತಿನ ರೇಷನ್ ಇನ್ನೂ ಇದೆ. ಬಹುಶಃ ಯಾವಾಗಲೂ ಇರುತ್ತದೆ. ಮೊದಲಿನ ದನಿ ಅಲ್ಲ ಇದು, ಸ್ವಲ್ಪ ಒರಟು. ಮಕ್ಕಳು ಅದಕ್ಕೆ "ಕರಡಿ ದನಿ" ಅಂತ ಹೆಸರಿಟ್ಟು ತಮಗೆ ಇದೇ ಇಷ್ಟ ಅಂದರು.

ಹೇಳಿದ ಮೊದಲ ಕಥೆ ನಿಮ್ಮದೇ. ಎಕ್ಸ್‌ಪ್ರೆಸ್ ಬಸ್ಸು. ಮೊದಲು ಮಕ್ಕಳಿಗೆ ಹೂಂ ಕಲಿಸಿದೆ. ನಿಮ್ಮ ಕಥೆಯ ಅಕ್ಕ ನಾಯಿಗೆ, ಅಂಬಿಗನಿಗೆ ಮಾತು ಖರ್ಚು ಮಾಡಿದಾಗ ಒಬ್ಬಳು ತಡೆಯಲಾರದೆ, "ನೋ! ಸೇವ್ ಇಟ್!" ಎಂದು ಕೂಗಿದಳು. ಬೆಟ್ಟದ ಬಾಗಿಲಿಗೆ ಬಂದೆವು. ಯಾರಲ್ಲಿ ಅಂತ ಕೇಳಿ ನಾನು ಸುಮ್ಮನಾದೆ. ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ. ಕನ್ನಡದವರು, ಪಂಜಾಬಿಯವರು, ಸೊಮಾಲಿಯದವರು, ವಿಯೆಟ್ನಾಮಿನವರು, ಇಡೀ ಕೋಣೆ ತುಟಿ ಮುಚ್ಚಿಕೊಂಡು "ಹೂಂ" ಅಂದಿತು. ನೆಲ ಗುಂಯ್‌ಗುಟ್ಟಿತು, ಮಾಮಾ. ನಾನು ಒಂದು ಹನಿಯನ್ನೂ ಖರ್ಚು ಮಾಡಬೇಕಾಗಲಿಲ್ಲ.

ಇನ್ನೊಂದು ಹೇಳಬೇಕು. ಕಿಂಡರ್‌ನಲ್ಲಿ ಕಥೆಯ ಹೊತ್ತು ಹನ್ನೊಂದು ಗಂಟೆ, ಹಾಡುಹಗಲು. ಶುರುಮಾಡುವ ಮೊದಲು ನನ್ನ ಸ್ಕಾರ್ಫಿನ ತುದಿಗೆ ಒಂದು ಗಂಟು ಹಾಕಿದೆ. ಯಾಕೆ ಅಂತ ಕೇಳಿದರು. ನಿಮ್ಮ ಅಪ್ಪ ಅಮ್ಮಂದಿರ ದಾರಿಯನ್ನು ಇಲ್ಲಿ ಕಟ್ಟಿಟ್ಟಿದ್ದೇನೆ ಅಂದೆ. ಕಥೆ ಮುಗಿದ ಮೇಲೂ ಒಬ್ಬೊಬ್ಬರಾಗಿ ಬಂದು, ಇದೆಯೇ ಅಂತ ಗಂಟು ಮುಟ್ಟಿ ನೋಡಿ ಹೋದರು.

ನನ್ನ ಪಾಳಿ ಮುಗಿದರೂ ಅವತ್ತು ಸಂಜೆಯವರೆಗೆ ಉಳಿದೆ. ಎಲ್ಲರ ಮನೆಯವರೂ ದಾರಿ ತಪ್ಪದೆ ಬಂದರು. ಕೊನೆಯ ಮಗು ಕೈಬೀಸಿ ಹೋದ ಮೇಲೆ ಗಂಟು ಬಿಚ್ಚಿದೆ.

ಮಹಾಶ್ವೇತಾ